ಮಾವನ ಎಡಗೈ

ಮಾನ್ಯ ಕುಲಸಚಿವರೇ,

ನಿಮ್ಮ ವಿಶ್ವವಿದ್ಯಾಲಯ ಒಬ್ಬ ಹೆಂಗಸನ್ನು ಗಂಡಸೆಂದು ಕರೆಯುತ್ತಾ ಬಂದಿದೆ. ಆಕೆ ಸತ್ತಿರುವುದರಿಂದ ತಕರಾರು ಮಾಡಿಲ್ಲ. ನಾನು ಬದುಕಿರುವುದರಿಂದ ಮಾಡಿದೆ, ಅದಕ್ಕೆ ನನ್ನನ್ನು ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲು ಮಾಡಿದಿರಿ. ಅದನ್ನು ಹೇಗೋ ನುಂಗಿಕೊಳ್ಳುತ್ತೇನೆ. ಆದರೆ ಬರುವ ವಾರ ಮುರಿದ ಕುರ್ಚಿಗಳ ಜೊತೆ ಆಕೆಯನ್ನೂ ಗುಜರಿ ಲಾರಿಗೆ ಏರಿಸುವ ಆದೇಶಕ್ಕೆ ನೀವು ಸಹಿ ಹಾಕಿದ್ದೀರಿ. ಅದನ್ನು ನುಂಗಿಕೊಳ್ಳಲು ನನ್ನಿಂದ ಆಗುವುದಿಲ್ಲ. ಏಕೆಂದರೆ ಆಕೆ ನನ್ನ ಚಿಕ್ಕಮ್ಮ ಇರಬಹುದು.

ಇರಬಹುದು ಎಂದಿದ್ದೇನೆ, ಗಮನಿಸಿ. ಖಚಿತವಾಗಿ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಬಾರದೆಂದು ಮೂರು ವರ್ಷ ನನ್ನ ತಲೆಗೆ ತುಂಬಿದ್ದು ನಿಮ್ಮದೇ ಜೀವಶಾಸ್ತ್ರ ವಿಭಾಗ. ಆದ್ದರಿಂದ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಕಡತಗಳ ನಡುವೆ ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಬೇಕು. ತಾವು ಆ ವಿಭಾಗದ ಕಡೆ ತಲೆ ಹಾಕಿದ್ದನ್ನು ನಮ್ಮಲ್ಲಿ ಯಾರೂ ನೋಡಿಲ್ಲವಾದ್ದರಿಂದ, ಮೊದಲು ಒಳಗೆ ಕರೆದುಕೊಂಡು ಹೋಗುತ್ತೇನೆ.

ಮೊದಲ ಮಹಡಿಯ ಕೊನೆಯ ಕೋಣೆ ನಮ್ಮ ಪ್ರಯೋಗಾಲಯ. ಬಾಗಿಲು ತೆಗೆದ ತಕ್ಷಣ ಫಾರ್ಮಲಿನ್ ಕಣ್ಣಿಗೇ ಬಡಿಯುತ್ತದೆ. ಮೊದಲ ವಾರ ಹೊಸಬರೆಲ್ಲ ಅತ್ತುಕೊಂಡೇ ಪಾಠ ಕೇಳುತ್ತಾರೆ. ಒಂದು ಗೋಡೆಗೆ ಗಾಜಿನ ಬೀರುಗಳು, ಅವುಗಳೊಳಗೆ ಬಣ್ಣ ಬಿಟ್ಟ ಹಾವು, ಎರಡು ತಲೆಯ ಕರು, ಸೀಸೆಯ ತಳಕ್ಕೆ ಕೂತ ಏಡಿ. ಇನ್ನೊಂದು ಕಡೆ ಕಲ್ಲಿನ ಮೇಜುಗಳು, ಮೇಲೆ ಸೂಕ್ಷ್ಮದರ್ಶಕಗಳು, ಅವುಗಳಲ್ಲಿ ಅರ್ಧಕ್ಕೆ ದೃಷ್ಟಿ ಇಲ್ಲ. ಕಿಟಕಿಯ ಪಕ್ಕದ ಕಬ್ಬಿಣದ ಕಂಬಕ್ಕೆ, ನೆತ್ತಿಗೆ ಕೊಕ್ಕೆ ಹಾಕಿ ನೇತುಬಿಟ್ಟಿರುವುದೇ ಮನುಷ್ಯನ ಅಸ್ಥಿಪಂಜರ. ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ, ನಿಜವಾದದ್ದು. ಕಂಬದ ಬುಡದಲ್ಲಿ ತಗಡಿನ ಫಲಕ, ಅದರ ಮೇಲೆ ಬಣ್ಣದಲ್ಲಿ ‘ಮಾನವ ಅಸ್ಥಿಪಂಜರ, ಪುರುಷ’, ಕೆಳಗೆ ತಂದ ಇಸವಿ. ಫ್ಯಾನು ಹಾಕಿದರೆ ಅದು ನಿಧಾನಕ್ಕೆ ಗೋಡೆಯ ಕಡೆ ತಿರುಗುತ್ತದೆ, ಪಾಠ ಕೇಳಿ ಕೇಳಿ ಸಾಕಾದವರ ಹಾಗೆ. ಯಾವ ಕಾಲದ ವಿದ್ಯಾರ್ಥಿಗಳು ಇಟ್ಟ ಹೆಸರೋ, ನಾವೆಲ್ಲ ಅದನ್ನು ‘ಮಾವ’ ಎನ್ನುತ್ತೇವೆ.

ಯಾವುದೇ ಪರೀಕ್ಷೆಗೆ ಮುಂಚೆ ಮಾವನ ಕೈ ಕುಲುಕಿ ಹೋಗಬೇಕು, ಕುಲುಕದಿದ್ದವರು ಡುಮ್ಕಿ. ಇದು ನಮ್ಮ ವಿಭಾಗದಲ್ಲಿ ಪಠ್ಯಕ್ರಮಕ್ಕಿಂತ ಕಟ್ಟುನಿಟ್ಟಾಗಿ ನಡೆದುಬಂದಿರುವ ಪದ್ಧತಿ. ಬಲಗೈಯ ಬೆರಳುಗಳನ್ನು ಹಿಂದಿನ ಬ್ಯಾಚುಗಳವರು ನೆನಪಿಗೆಂದು ಒಂದೊಂದಾಗಿ ಎಗರಿಸಿಬಿಟ್ಟಿದ್ದಾರಂತೆ, ಹಾಗಾಗಿ ಎಲ್ಲರೂ ಕುಲುಕುವುದು ಎಡಗೈಯನ್ನೇ. ಮೊದಲ ವರ್ಷದ ಮೊದಲ ಪರೀಕ್ಷೆಯ ದಿನ ನಾನೂ ಸಾಲಿನಲ್ಲಿ ನಿಂತು ಆ ಕೈ ಹಿಡಿದೆ. ನನ್ನ ಹೆಬ್ಬೆರಳು ತಾನಾಗಿಯೇ ಮಣಿಕಟ್ಟಿನ ಮೇಲಕ್ಕೆ ಸರಿಯಿತು. ಅಲ್ಲೊಂದು ಗಂಟು ಸಿಕ್ಕಿತು. ಎಂದೋ ಮುರಿದು, ಸರಿಯಾಗಿ ಕೂಡಿಸದೆ, ಸೊಟ್ಟಗೆ ಬೆಸೆದುಕೊಂಡ ಮೂಳೆಯ ಗಂಟು. ಹಿಂದೆ ನಿಂತಿದ್ದ ಗೆಳತಿ, “ಸಾಕು ಬಿಡೇ, ಮಾವನ್ನೇ ಮದುವೆ ಆಗ್ತೀಯೇನೇ?” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೈ ಬಿಟ್ಟಾಗ ಅದು ಹಿಂದಕ್ಕೆ ಜೋಲಿ ಹೊಡೆದು ಕಂಬಕ್ಕೆ ಟಕ್ ಎಂದು ತಾಗಿತು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ನನ್ನ ಚಿಕ್ಕಮ್ಮ, ಅಂದರೆ ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿ, ನಮ್ಮ ಮನೆಯಲ್ಲೇ ಇದ್ದಳು. ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಹುಡುಗಿಯಾಗಿದ್ದಾಗ ಸೈಕಲ್ಲಿನ ಹಿಂದಿನ ಸೀಟಿನಿಂದ ಬಿದ್ದು ಎಡಗೈ ಮುರಿದಿತ್ತು. ಮಣಿಕಟ್ಟಿನ ಮೇಲೆ ಎಲುಬು ಎದ್ದುಕೊಂಡಿತ್ತಾದ್ದರಿಂದ ಗಡಿಯಾರವನ್ನು ಬಲಗೈಗೆ ಕಟ್ಟುತ್ತಿದ್ದಳು. ನನ್ನನ್ನು ಮಲಗಿಸುವ ಕೆಲಸ ಅವಳದ್ದು. ನಾನು ಅವಳ ಆ ಗಂಟನ್ನು ಹಿಡಿದುಕೊಂಡೇ ಮಲಗಬೇಕು, ಇಲ್ಲದಿದ್ದರೆ ರಂಪ. “ಅದು ನಿನ್ನ ಗುಂಡಿ ಕಣೇ, ಒತ್ತಿದ್ರೆ ನಿದ್ದೆ ಬರುತ್ತೆ” ಎನ್ನುತ್ತಿದ್ದಳು. ಅವಳ ಮುಖ ನನಗೆ ಫೋಟೋದಿಂದಷ್ಟೇ ಗೊತ್ತು, ಧ್ವನಿ ಹೇಗಿತ್ತೆಂದು ನೆನಪಿಲ್ಲ. ಆ ಗುಂಡಿ ಮಾತ್ರ ನನ್ನ ಹೆಬ್ಬೆರಳಿಗೆ ಗೊತ್ತು.

ನಾನಿನ್ನೂ ಅಕ್ಷರ ತಿದ್ದುತ್ತಿದ್ದ ವರ್ಷ ಒಂದು ಬೆಳಿಗ್ಗೆ ಅವಳು ಕೆಲಸಕ್ಕೆಂದು ಹೋದಳು. ಆಕಾಶ ಬಿಳಿಚಿಕೊಂಡಿತ್ತಂತೆ, ಮಳೆ ಬರುವುದಿಲ್ಲವೆಂದು ಛತ್ರಿ ಬಿಟ್ಟು ಹೋದಳು. ಅಂಗಡಿಗೆ ತಲುಪಲಿಲ್ಲ, ಮನೆಗೆ ಬರಲಿಲ್ಲ. ಅಮ್ಮ ಪೊಲೀಸ್ ಠಾಣೆಗೆ, ಆಸ್ಪತ್ರೆಗಳಿಗೆ, ಬಸ್ ನಿಲ್ದಾಣಕ್ಕೆ ಫೋಟೋ ಹಿಡಿದು ಅಲೆದಳು. ಆ ಛತ್ರಿ ಇವತ್ತಿಗೂ ನಮ್ಮ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಒಮ್ಮೆ ಜೋರು ಮಳೆಯಲ್ಲಿ ನಾನು ಅದಕ್ಕೆ ಕೈ ಹಾಕಿದಾಗ ಅಮ್ಮ ಹೊಲಿಗೆ ಮೆಷೀನಿನಿಂದ ತಲೆ ಎತ್ತದೆ ಹೇಳಿದಳು: “ಅದು ಅವಳದ್ದು, ಇಟ್ಬಿಡು. ಬಂದು ಕೇಳ್ತಾಳೆ.” ನಾನು ನೆನೆದುಕೊಂಡೇ ಕಾಲೇಜಿಗೆ ಹೋದೆ.

ಈಗ ಪರೀಕ್ಷೆಯ ದಿನಕ್ಕೆ ಮರಳೋಣ. ಅವತ್ತು ಏನು ಬರೆದೆನೋ ನನಗೆ ತಿಳಿಯದು. ಎಲ್ಲರೂ ಹೋದ ಮೇಲೆ ವಾಪಸು ಬಂದು ಕಂಬದ ಬುಡದಲ್ಲಿ ಕುಳಿತು ಫಲಕ ಓದಿದೆ. ಪುರುಷ. ಅಲ್ಲಿಗೆ ಅರ್ಧ ಜೀವ ಬಂತು. ಇಸವಿ ನೋಡಿದೆ. ಆ ಇಸವಿಯಲ್ಲಿ ನನ್ನ ಚಿಕ್ಕಮ್ಮ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಇನ್ನರ್ಧ ಜೀವವೂ ಬಂತು. ನಿಮ್ಮ ತಗಡಿನ ಫಲಕಕ್ಕೆ ಆ ದಿನ ನಾನು ಎಷ್ಟು ಕೃತಜ್ಞಳಾಗಿದ್ದೆ ಎಂದರೆ, ಅದರ ಮೇಲಿನ ಧೂಳನ್ನು ನನ್ನ ದುಪಟ್ಟಾದಲ್ಲಿ ಒರೆಸಿದೆ. ಆ ಪದ ಒಂದು, ಆ ಇಸವಿ ಒಂದು, ಹೀಗೆ ಎರಡು ಬೀಗ ಬಿದ್ದ ಬಾಗಿಲಿನ ಆಚೆ ಏನಿದ್ದರೆ ನನಗೇನು ಎಂದುಕೊಂಡು ಓದು ಮುಂದುವರಿಸಿದೆ. ಆದರೂ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಹೆಂಗಸರ ಮುಖ ಬಿಟ್ಟು ಮಣಿಕಟ್ಟು ನೋಡುವ ಚಾಳಿ ಆಗ ಅಂಟಿಕೊಂಡಿತು. ಈಗಲೂ ಬಿಟ್ಟಿಲ್ಲ.

ಮೊದಲ ಬೀಗ ತೆಗೆದದ್ದು ನಿಮ್ಮ ಪಠ್ಯಕ್ರಮ. ಮೂರನೇ ವರ್ಷ ಸೊಂಟದ ಮೂಳೆಯ ಪಾಠ ಬಂತು. ಹೆಂಗಸಿನದ್ದಾದರೆ ಅಗಲ, ಬಟ್ಟಲಿನಂತೆ ತೆರೆದದ್ದು, ಮುಂದಿನ ಕಮಾನು ಹರವಾದದ್ದು. ಗಂಡಸಿನದ್ದಾದರೆ ಇಕ್ಕಟ್ಟು, ಕಮಾನು ಚೂಪು. ವಿಭಾಗದ ಮುಖ್ಯಸ್ಥೆ ಮೇಡಂ ಹಲಗೆಯ ಮೇಲೆ ಎರಡನ್ನೂ ಬರೆದು, “ಈಗ ಮಾವನದ್ದನ್ನ ನೋಡಿ ಚಿತ್ರ ಬರೀರಿ” ಎಂದರು. ಇಡೀ ತರಗತಿ ಪೆನ್ಸಿಲ್ ಹಿಡಿದು ಬಗ್ಗಿತು. ನಾನು ಪಕ್ಕದವರ ಪುಸ್ತಕ ನೋಡಿದೆ, ಹಿಂದಿನವರದ್ದು ನೋಡಿದೆ. ಎಲ್ಲರೂ ಕಣ್ಣೆದುರಿಗಿದ್ದ ಅಗಲವಾದ, ಹರವಾದ ಕಮಾನಿನ ಸೊಂಟವನ್ನು ಅಚ್ಚುಕಟ್ಟಾಗಿ ಬರೆದಿದ್ದರು. ಕೆಳಗೆ ಅಷ್ಟೇ ಅಚ್ಚುಕಟ್ಟಾಗಿ ‘ಪುರುಷ’ ಎಂದು ಬರೆದಿದ್ದರು. ಮೇಡಂ ಎಲ್ಲಕ್ಕೂ ಸಹಿ ಮಾಡಿದರು. ಕೈ ಕಂಡದ್ದನ್ನು ಬರೆಯಿತು, ತಲೆ ಓದಿದ್ದನ್ನು ಬರೆಯಿತು, ಎರಡಕ್ಕೂ ಮಾತುಕತೆಯೇ ಇಲ್ಲ. ಇಂಥ ತಪ್ಪನ್ನು ಓದು ಬಾರದವರು ಮಾಡಲಾರರು, ಇದಕ್ಕೆ ಮೂರು ವರ್ಷದ ತರಬೇತಿ ಬೇಕು. ನನ್ನ ಚಿತ್ರದ ಕೆಳಗೆ ಮಾತ್ರ ನಾನು ಏನೂ ಬರೆಯಲಿಲ್ಲ. ಬರೆಯಲು ಕೈ ಏಳಲಿಲ್ಲ.

ನಂತರ ಅಂತಿಮ ಪ್ರಾಯೋಗಿಕ ಪರೀಕ್ಷೆ. ಮೇಜಿನ ಮೇಲೆ ಸಾಲಾಗಿ ಇಟ್ಟ ಮಾದರಿಗಳನ್ನು ನೋಡಿ ಉತ್ತರ ಬರೆಯಬೇಕು. ಮಾವನ ಮುಂದಿದ್ದ ಪ್ರಶ್ನೆ: ‘ಗುರುತಿಸಿ, ಲಿಂಗ ತಿಳಿಸಿ, ಕಾರಣ ಕೊಡಿ.’ ಒಂದು ಮಾತು ಹೇಳುತ್ತೇನೆ, ನಂಬಿ. ಅದು ಗಂಡಸಾಗಿರಲಿ ಎಂದು ಆ ಕೋಣೆಯಲ್ಲಿ ಅತಿ ಹೆಚ್ಚು ಬಯಸಿದವಳು ನಾನು. ‘ಪುರುಷ’ ಎಂದು ಬರೆದಿದ್ದರೆ ಅಂಕವೂ ಸಿಗುತ್ತಿತ್ತು, ನಿದ್ದೆಯೂ ಸಿಗುತ್ತಿತ್ತು. ಮತ್ತೆ ಮತ್ತೆ ನೋಡಿದೆ. ಸೊಂಟ ನೋಡಿದೆ, ಹುಬ್ಬಿನ ಏಣು ನೋಡಿದೆ, ದವಡೆ ನೋಡಿದೆ. ‘ಸ್ತ್ರೀ’ ಎಂದು ಬರೆದು, ಕಾರಣಗಳನ್ನೂ ಬರೆದೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೌಖಿಕದಲ್ಲಿ ನನ್ನ ಹಾಳೆ ಎತ್ತಿಕೊಂಡು ಕೇಳಿದರು:

“ಬೋರ್ಡಲ್ಲಿ ಏನು ಬರೆದಿದೆಯಮ್ಮ?”

“ಪುರುಷ ಅಂತಿದೆ ಸಾರ್.”

“ಓದೋಕೆ ಬರುತ್ತೆ ತಾನೆ?”

“ಬರುತ್ತೆ ಸಾರ್. ಆದ್ರೆ ಮೂಳೆ ಹಾಗೆ ಹೇಳ್ತಿಲ್ಲ.”

“ಮೂಳೆ ಬೇರೆ ಮಾತಾಡುತ್ತೋ?” ಎಂದು ಅವರು ಮೇಡಂ ಕಡೆ ತಿರುಗಿ ನಕ್ಕರು. ಮೇಡಂ ನಗಲಿಲ್ಲ, ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. “ಒಂದ್ಸಲ ಎದ್ದು ಬಂದು ನೋಡಿ ಸಾರ್, ಹತ್ತು ಹೆಜ್ಜೆ” ಎಂದೆ. ಅವರು ಏಳಲಿಲ್ಲ. ಮಾದರಿಯನ್ನೂ ತಪ್ಪಾಗಿ ಗುರುತಿಸಿದೆ, ಹಿರಿಯರೊಂದಿಗೆ ವಾದಕ್ಕೂ ಇಳಿದೆ ಎಂದು ಮೌಖಿಕದ ಅಂಕಗಳೂ ಹೋದವು. ಕುಲಸಚಿವರೇ, ಜೀವಶಾಸ್ತ್ರದ ಪರೀಕ್ಷೆಯಲ್ಲಿ ಜೀವಿಯನ್ನು ನೋಡಬೇಕೋ ಬೋರ್ಡನ್ನು ನೋಡಬೇಕೋ? ಬೋರ್ಡು ಓದಲು ಬರುವುದೇ ಅರ್ಹತೆಯಾದರೆ, ಈ ಪದವಿಯನ್ನು ನಮ್ಮ ಬೀದಿಯ ಬಸ್ ಕಂಡಕ್ಟರಿಗೆ ಕೊಡಬಹುದಲ್ಲವೇ? ಅವರು ದಿನವಿಡೀ ಅದನ್ನೇ ಮಾಡುತ್ತಾರೆ, ಚಲಿಸುವ ಬಸ್ಸಿನಲ್ಲಿ.

ಎರಡನೇ ಬೀಗ ತೆಗೆದದ್ದು ನಮ್ಮ ಮೇಡಂ, ಪಾಪ, ಸಮಾಧಾನ ಹೇಳಲು ಹೋಗಿ. ಫಲಿತಾಂಶ ಬಂದ ದಿನ ತಮ್ಮ ಕೋಣೆಗೆ ಕರೆದು ಕೂರಿಸಿ, ನೀರು ಕೊಟ್ಟು ಹೇಳಿದರು: “ನೋಡು, ನೀನು ಬರೆದಿದ್ದು ಸರಿನೇ. ಅದು ಹೆಂಗಸಿನದ್ದು ಅಂತ ನನಗೂ ಗೊತ್ತು, ನನಗಿಂತ ಹಿಂದಿನವರಿಗೂ ಗೊತ್ತಿತ್ತು.”

“ಮತ್ತೆ ಬೋರ್ಡು ಯಾಕೆ ಬದಲಾಯಿಸಿಲ್ಲ ಮೇಡಂ?”

“ದಾಸ್ತಾನು ಪುಸ್ತಕದಲ್ಲಿ ಒಬ್ಬ ಗಂಡಸು ಅಂತಿದೆ ಕಣಮ್ಮ. ಬೋರ್ಡು ಬದಲಾಯಿಸಿದ್ರೆ ಆಡಿಟ್‌ನವರು ಗಂಡಸು ಎಲ್ಲಿ ಹೋದ ಅಂತಾರೆ. ಈ ಹೆಂಗಸು ಎಲ್ಲಿಂದ ಬಂದಳು ಅಂತಾರೆ. ಹಳೆಯದು ಎಂದೋ ಬಿದ್ದು ಮುರಿದು ಹೋಗಿ, ಅದೇ ಕಂಬಕ್ಕೆ ಬೇರೆಯದನ್ನ ತಂದು ಹಾಕಿರಬೇಕು. ಯಾರು ತಂದ್ರು, ಯಾವಾಗ ತಂದ್ರು, ನನಗೆ ಗೊತ್ತಿಲ್ಲ. ನಾನು ಬಂದಾಗ್ಲೇ ಹೀಗಿತ್ತು.”

ಅವರು ಹೇಳಿದ್ದು ನನ್ನ ಅಂಕದ ವಿಷಯಕ್ಕೆ. ನನಗೆ ಕೇಳಿಸಿದ್ದೇ ಬೇರೆ. ಬೇರೆಯದನ್ನು ತಂದು ಹಾಕಿದ್ದರೆ ಆ ಇಸವಿ ಈ ಮೂಳೆಗಳದ್ದಲ್ಲ. ಇವು ಯಾವ ವರ್ಷ ಬಂದವು ಎಂಬುದು ಯಾರಿಗೂ ತಿಳಿಯದು. ಈ ಹೆಂಗಸು ಎಲ್ಲಿಂದ ಬಂದಳು? ನೀವು ಆಡಿಟ್‌ನವರ ಬಾಯಿಂದ ಬಂದೀತೆಂದು ಹೆದರುತ್ತಿರುವ ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಇನ್ನೊಂದು ತುದಿಯಿಂದ ಕೇಳುತ್ತಾ ಬಂದಿದ್ದೇವೆ: ಅವಳು ಎಲ್ಲಿಗೆ ಹೋದಳು? ವಾರಸುದಾರರಿಲ್ಲದ ದೇಹಗಳು ಪ್ರಯೋಗಾಲಯಗಳ ಪಾಲಾಗುತ್ತವೆ ಎಂದು ತರಗತಿಯಲ್ಲೇ ಹೇಳಿದ್ದರು. ವಾರಸುದಾರಳಾದ ನನ್ನಮ್ಮ ಊರೆಲ್ಲ ಬಾಗಿಲು ಬಡಿಯುತ್ತಿದ್ದಳು. ವಿಶ್ವವಿದ್ಯಾಲಯದ ಬಾಗಿಲು ಬಡಿಯಬೇಕೆಂದು ಅವಳಿಗೆ ಹೊಳೆಯಲಿಲ್ಲ, ಅಷ್ಟೆ. ಕಳೆದುಹೋದ ತಂಗಿಯನ್ನು ಹುಡುಕಲು ಯಾರು ತಾನೇ ಕಾಲೇಜಿಗೆ ಹೋಗುತ್ತಾರೆ?

ಅಮ್ಮನಿಗೆ ಹೇಳಬಾರದೆಂದುಕೊಂಡಿದ್ದೆ. ಫೇಲಾಗಿದ್ದೇಕೆ ಎಂದು ಅವಳು ಪಟ್ಟು ಹಿಡಿದಾಗ ಬಾಯಿ ತಡೆಯಲಿಲ್ಲ. ಅವಳು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಮೆಷೀನು ನಿಂತಿತು.

“ಯಾವ ಕೈ?” ಎಂದಳು.

“ಎಡಗೈ.”

ಅಮ್ಮ ಎದ್ದು ಒಲೆಯ ಹತ್ತಿರ ಹೋದಳು. ಅಲ್ಲಿ ಏನೂ ಬೇಯುತ್ತಿರಲಿಲ್ಲ. ವಾಪಸು ಬಂದು ಸೂಜಿಗೆ ದಾರ ಪೋಣಿಸಲು ನೋಡಿದಳು, ಆಗಲಿಲ್ಲ. ನಾನು, “ಅವಳೇ ಅಂತ ನಾನು ಹೇಳ್ತಿಲ್ಲಮ್ಮ. ಕೈ ಮುರಿದುಕೊಂಡವರು ಎಷ್ಟೋ ಜನ ಇರ್ತಾರೆ” ಎಂದೆ. ಆಗ ಅವಳು ನನ್ನ ಮೇಲೆ ರೇಗಿದಳು. ಇಷ್ಟು ವರ್ಷದಲ್ಲಿ ಚಿಕ್ಕಮ್ಮನ ವಿಷಯಕ್ಕೆ ಅವಳು ದನಿ ಎತ್ತರಿಸಿದ್ದನ್ನು ನಾನು ಕೇಳಿರಲಿಲ್ಲ.

“ಅವಳಲ್ಲ ಅಂತ ಹೇಳು, ಇಲ್ಲ ಅವಳೇ ಅಂತ ಹೇಳು. ಎರಡರಲ್ಲಿ ಒಂದು ಹೇಳೋಕೆ ತಾನೇ ನಿನ್ನ ಓದಿಸಿದ್ದು? ಇರಬಹುದು ಇರಬಹುದು ಅಂತ ಹೇಳೋಕೆ ನಾನೊಬ್ಬಳು ಸಾಲದಾ? ಏನು ಬೇಕು ನಿಂಗೆ, ನನ್ನ ಕೂದಲು ಬೇಕಾ, ಉಗುರು ಬೇಕಾ, ರಕ್ತ ಬೇಕಾ? ತಗೋ.”

ಹೀಗಾಗಿ ನಾನು ನಿಮ್ಮ ಕಚೇರಿಗೆ ಅರ್ಜಿ ಹಾಕಿದೆ. ಆ ಅಸ್ಥಿಪಂಜರದ ಒಂದು ಹಲ್ಲನ್ನು ಪರೀಕ್ಷಿಸಿ ನನ್ನ ಅಮ್ಮನ ಮಾದರಿಯೊಂದಿಗೆ ಹೋಲಿಸಬೇಕು ಎಂದು ಕೋರಿದೆ. ತಮ್ಮ ಕಚೇರಿಯಿಂದ ಬಂದ ಹಿಂಬರಹ ಹೀಗಿದೆ: ‘ವಿಷಯಾಂಕಿತ ಪುರುಷ ಅಸ್ಥಿಪಂಜರದ ಕುರಿತ ಕೋರಿಕೆಯನ್ನು ಸಂಬಂಧಪಟ್ಟವರು ಮಾತ್ರ ಸಲ್ಲಿಸತಕ್ಕದ್ದು. ಅರ್ಜಿದಾರರು ಸಂಬಂಧಪಟ್ಟವರಲ್ಲ.’ ನಾನು ಗುಮಾಸ್ತರ ಕಿಟಕಿಗೆ ಹೋದೆ.

“ಸಂಬಂಧಪಟ್ಟವರು ಅಂದ್ರೆ ಯಾರು ಸಾರ್?”

“ಯಾರಿಗೆ ಸಂಬಂಧ ಇದೆಯೋ ಅವರು.”

“ಸಂಬಂಧ ಇದೆಯೋ ಇಲ್ವೋ ಪತ್ತೆ ಮಾಡಿ ಅಂತಲೇ ಅರ್ಜಿ ಕೊಟ್ಟಿರೋದು.”

“ಸರಿ ಕಣಮ್ಮ, ಮೊದಲು ಸಂಬಂಧ ಇದೆ ಅಂತ ತೋರಿಸಿ. ಆಮೇಲೆ ಪತ್ತೆಗೆ ಅರ್ಜಿ ಹಾಕಿ.” ಅವರು ಗೇಲಿ ಮಾಡುತ್ತಿರಲಿಲ್ಲ. ನಿಜವಾಗಿಯೂ ನನಗೆ ದಾರಿ ತೋರಿಸುತ್ತಿದ್ದೇನೆ ಎಂದುಕೊಂಡಿದ್ದರು. ಪೊಲೀಸ್ ಠಾಣೆಗೂ ಹೋದೆ. ಹಳೆಯ ದೂರು ಹೆಂಗಸಿನದ್ದು, ಫಲಕದಲ್ಲಿರುವುದು ಗಂಡಸು, ತಾಳೆಯಾಗುವುದಿಲ್ಲ, ವಿಶ್ವವಿದ್ಯಾಲಯ ಬರೆದು ಕೊಟ್ಟರೆ ನೋಡೋಣ ಎಂದರು. ತಗಡಿನ ಮೇಲಿನ ಒಂದೇ ಒಂದು ಪದ ಎಷ್ಟು ಬಾಗಿಲುಗಳನ್ನು ಮುಚ್ಚಬಲ್ಲದು ನೋಡಿ.

ಈಗ ಹೊಸ ಅಸ್ಥಿಪಂಜರ ಬಂದಿದೆ, ಪ್ಲಾಸ್ಟಿಕ್ಕಿನದು. ನಾನು ಹೋಗಿ ನೋಡಿದೆ. ಅದರ ಸೊಂಟ ಇಕ್ಕಟ್ಟು, ಕಮಾನು ಚೂಪು, ಅಪ್ಪಟ ಗಂಡಸು. ಹಳೆಯ ಫಲಕವನ್ನೇ ಅದರ ಕಾಲಬುಡಕ್ಕೆ ಸರಿಸಲಾಗಿದೆ. ನಿಮ್ಮ ಜಾಣತನಕ್ಕೆ ತಲೆಬಾಗಬೇಕು: ಫಲಕ ತಿದ್ದುವ ಬದಲು ಮನುಷ್ಯನನ್ನೇ ತಿದ್ದಿದಿರಿ. ಮರುಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬರುತ್ತದೆ, ನಾನು ‘ಪುರುಷ’ ಎಂದು ಬರೆಯುತ್ತೇನೆ, ಅದು ಸರಿಯಾಗಿಯೂ ಇರುತ್ತದೆ, ಪಾಸಾಗುತ್ತೇನೆ, ಪದವಿ ಬರುತ್ತದೆ. ಆದ್ದರಿಂದ ಈ ಪತ್ರ ಅಂಕಕ್ಕಾಗಿ ಎಂದು ದಯವಿಟ್ಟು ಉತ್ತರಿಸಬೇಡಿ. ಕಂಬದಿಂದ ಇಳಿಸಿದ ಹಳೆಯದನ್ನು ಕಾರಿಡಾರಿನಲ್ಲಿ, ಮುರಿದ ಕುರ್ಚಿಯೊಂದರ ಮೇಲೆ ಕೂರಿಸಿದ್ದಾರೆ. ಎಡಗೈ ತೊಡೆಯ ಮೇಲಿದೆ. ತನ್ನ ಸರದಿಗೆ ಕಾಯುತ್ತಾ ಕುಳಿತವಳ ಹಾಗೆ ಕಾಣುತ್ತಾಳೆ. ಅದರ ಮುಂದೆ ಹಾದುಹೋಗುವಾಗ ನನಗೆ ಭಯವಾಗುತ್ತದೆ. ಅವಳು ಯಾರೋ ಎಂಬ ಭಯವಲ್ಲ. ಅವಳು ನನ್ನನ್ನು ಗುರುತು ಹಿಡಿದಿರಬಹುದು, ಮೂರು ವರ್ಷದಿಂದ ನಾನೇ ಗುರುತು ಹಿಡಿಯದೆ ಕೈ ಕುಲುಕಿ ಹೋಗುತ್ತಿದ್ದೇನೆ ಎಂಬ ಭಯ.

ನನ್ನ ಬೇಡಿಕೆ ಕೇಳಿ. ಆಕೆಯನ್ನು ಲಾರಿಗೆ ಹಾಕಬೇಡಿ. ಒಂದು ಹಲ್ಲು ಕೊಡಿ. ತಾಯಿಯ ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಡಿಎನ್‌ಎ ಮಕ್ಕಳಿಗೆ ಬರುತ್ತದೆ, ತಂದೆಯದ್ದು ಬರುವುದಿಲ್ಲ, ಇದು ನಿಮ್ಮ ವಿಭಾಗ ನನಗೆ ಕಲಿಸಿದ ಪಾಠ. ಅಂದರೆ ನನ್ನ ಅಜ್ಜಿಯಲ್ಲಿದ್ದದ್ದು ಅಮ್ಮನಲ್ಲೂ ಚಿಕ್ಕಮ್ಮನಲ್ಲೂ ಇರಬೇಕು, ಅಮ್ಮನಿಂದ ನನ್ನಲ್ಲೂ ಇರಬೇಕು. ಹಲ್ಲಿನಲ್ಲಿರುವುದು ನಮ್ಮದಕ್ಕೆ ತಾಳೆಯಾಗದಿದ್ದರೆ ಅವಳಲ್ಲ ಎಂದು ನಿಸ್ಸಂದೇಹವಾಗಿ ಹೇಳಬಹುದು. ತಾಳೆಯಾದರೆ ಇನ್ನಷ್ಟು ಹುಡುಕಬೇಕು, ಹುಡುಕೋಣ. ಅದಕ್ಕೆ ಬೇಕಾದ ಯಂತ್ರ ನಮ್ಮ ಕಟ್ಟಡದಲ್ಲೇ ಇದೆ. ಅತಿಥಿಗಳು ಬಂದಾಗ ಹೊದಿಕೆ ತೆಗೆದು ತೋರಿಸಿ ಮತ್ತೆ ಹೊದಿಸುತ್ತೀರಿ. ಒಮ್ಮೆ ಅದನ್ನು ಚಾಲೂ ಮಾಡಿ. ನಮ್ಮಿಂದಾಗದು ಎಂದರೆ ಆಗುವವರಿಗೆ ಬರೆದು ಕೊಡಿ.

ಉತ್ತರ ‘ಅಲ್ಲ’ ಎಂದೇ ಬರಬಹುದು. ಬರಲಿ ಎಂದು ದಿನವೂ ಆಸೆಪಡುತ್ತೇನೆ, ಬಾರದಿರಲಿ ಎಂದೂ ಆಸೆಪಡುತ್ತೇನೆ, ಅಮ್ಮನದೂ ಅದೇ ಪಾಡು. ‘ಅಲ್ಲ’ ಎಂದು ಬಂದರೆ ಆಕೆ ಬೇರೆ ಯಾರದೋ ಚಿಕ್ಕಮ್ಮ, ಬೇರೆ ಯಾವುದೋ ಬಾಗಿಲ ಹಿಂದೆ ಆಕೆಯ ಛತ್ರಿ ನೇತಾಡುತ್ತಿದೆ. ಆಗಲೂ ಆಕೆಯನ್ನು ಮಣ್ಣಿಗೆ ಸೇರಿಸಲು ನಾವಿಬ್ಬರೂ ಬರುತ್ತೇವೆ, ನಾನು ಮತ್ತು ಅಮ್ಮ. ಆಕೆಯನ್ನು ಹೆಂಗಸೆಂದು ಕರೆದದ್ದಕ್ಕೆ ಫೇಲಾದವಳು ನಾನು. ಆಕೆಯ ಕೈ ಹಿಡಿದು, ಮುರಿದದ್ದೆಲ್ಲಿ ಎಂದು ಬೆರಳಿನಿಂದ ತಿಳಿದವಳು ನಾನು. ಮೊದಲು ಸಂಬಂಧ ತೋರಿಸಿ ಎಂದು ನಿಮ್ಮ ಕಿಟಕಿಯಲ್ಲಿ ಹೇಳಿದಿರಲ್ಲ, ಉತ್ತರವನ್ನು ಕೆಳಗೆ ಸಹಿ ಮಾಡಿ ಕೊಟ್ಟಿದ್ದೇನೆ.

ಇಂತಿ,
ತಮ್ಮ ವಿಶ್ವವಿದ್ಯಾಲಯದ ಜೀವಶಾಸ್ತ್ರ ಪ್ರಾಯೋಗಿಕದಲ್ಲಿ ಅನುತ್ತೀರ್ಣಳಾದ
ಸಂಬಂಧಪಟ್ಟವಳು